ಮೊಟ್ಟೆ ತಿಂದ ಮುಖ

ಅನೆಸ್ತಿಸ್ ಮಾಡಿದ ತಪ್ಪು ಇಷ್ಟೇ: ಒಂದು ಸಿನಿಮಾದಲ್ಲಿ ಕಿಟಕಿಯ ಹತ್ತಿರ ನಿಂತು ಬೇಯಿಸಿದ ಮೊಟ್ಟೆಯೊಂದನ್ನು ನಾಲ್ಕು ನಿಮಿಷ ತಿಂದಿದ್ದ.

ಅಥೆನ್ಸಿನ ಬೀದಿಗಳಲ್ಲಿ ಮೂವತ್ತೊಂದು ವರ್ಷ ಟ್ರಾಲಿ ಬಸ್ಸು ಓಡಿಸಿ ನಿವೃತ್ತನಾದ ಬಡಪಾಯಿ ಅವನು. ಕಳೆದ ಚಳಿಗಾಲ ತನ್ನ ಬಡಾವಣೆ ಕಿಪ್ಸೆಲಿಯ ಕಾಫಿ ಅಂಗಡಿಯಲ್ಲಿ ಕೂತಿದ್ದಾಗ ಯಾಸೊನಾಸ್ ಎಂಬ ಹರಕು ಸ್ವೆಟರಿನ ನಿರ್ದೇಶಕ ಬಂದು, "ನಿಮ್ಮ ಮುಖ ಬೇಕಿತ್ತು" ಎಂದು ಕೇಳಿದ. ಮುಖ ತಾನೇ, ಮನೆಯಲ್ಲಿ ಸುಮ್ಮನೆ ಬಿದ್ದಿದೆ ಎಂದುಕೊಂಡು ಇವನು ಒಪ್ಪಿದ.

ಆ ಸಿನಿಮಾ, 'ಒಂದು ಕುರ್ಚಿ ಕಡಿಮೆ', ಪರದೇಶದಲ್ಲಿ ಬಹುಮಾನ ಗೆದ್ದು ಬಂತು. ನಿನ್ನೆ ಸಂಜೆ ಬೀದಿಯ ಬಯಲು ಟಾಕೀಸಿನಲ್ಲಿ ತೋರಿಸಿದರು. ಅವನ ಕಟ್ಟಡದವರೆಲ್ಲ ಸೂರ್ಯಕಾಂತಿ ಬೀಜದ ಪೊಟ್ಟಣ ಹಿಡಿದು ಹೋಗಿದ್ದರು. ಪರದೆಯ ಮೇಲೆ ಐದು ಜನರ ಒಂದು ಕುಟುಂಬ ಊಟಕ್ಕೆ ಕೂರುತ್ತದೆ. ದಿನಕ್ಕೊಬ್ಬರು ಕಾಣೆಯಾಗುತ್ತಾರೆ. ಉಳಿದವರು ಆ ಕುರ್ಚಿ ಎತ್ತಿಟ್ಟು ಸೂಪು ಕುಡಿಯುತ್ತಾರೆ. ಯಾರು ಒಯ್ದರು, ಯಾಕೆ ಒಯ್ದರು, ಒಂದೂ ಹೇಳುವುದಿಲ್ಲ. ಕೊನೆಗೆ ಎದುರು ಮನೆಯ ಕಿಟಕಿಯಲ್ಲಿ ಅನೆಸ್ತಿಸ್. ಖಾಲಿ ಮನೆಯನ್ನೇ ದಿಟ್ಟಿಸುತ್ತ ಮೊಟ್ಟೆ ತಿನ್ನುತ್ತಾನೆ. ಅಷ್ಟೇ, ಮುಗಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ದಾರಿಯುದ್ದಕ್ಕೂ ಎಲ್ಲರೂ ಅನೆಸ್ತಿಸ್‌ನಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದರು.

ಬೆಳಿಗ್ಗೆ ಅವನ ಹೆಂಡತಿ ಹರಿಕ್ಲಿಯಾ ಪೇಪರಿನ ವಿಮರ್ಶೆಯನ್ನು ಸಂಭ್ರಮದಿಂದ ಗಟ್ಟಿಯಾಗಿ ಓದಿದಳು. "'ಮೊಟ್ಟೆ ತಿನ್ನುವ ಆ ಮನುಷ್ಯನ ಕಣ್ಣಿನಲ್ಲಿ ನಮ್ಮ ಕಾಲದ ಕೇಡೆಲ್ಲ ಮನೆ ಮಾಡಿದೆ. ಇದು ನಟನೆಯಲ್ಲ. ಇಂಥದ್ದನ್ನು ನಟಿಸಲು ಯಾರಿಂದಲೂ ಆಗದು.' ನೋಡಿದ್ಯಾ? ಎಷ್ಟು ಚೆನ್ನಾಗಿ ಬರ್ದಿದಾರೆ!"

"ಹೊಗಳಿದಾರಾ, ಬೈದಿದಾರಾ?"

"ಪೇಪರ್‌ನಲ್ಲಿ ಬಂದ್ಮೇಲೆ ಎರಡೂ ಒಂದೇ. ಹೋಗಿ ಬ್ರೆಡ್ ತಗೊಂಡ್ಬಾ."

ನೆಲಮಹಡಿಯ ಬೇಕರಿಯ ಸ್ತಮಾತಿಸ್ ಇವನನ್ನು ನೋಡಿದ್ದೇ ತಡ, ಒಲೆಯಿಂದ ಬ್ರೆಡ್ ತೆಗೆಯುವ ಉದ್ದ ಹಿಡಿಯ ಹಲಗೆಯ ಮೇಲಿಟ್ಟು ದೂರದಿಂದಲೇ ಬ್ರೆಡ್ಡು ಚಾಚಿದ.

"ಏನೋ ಸ್ತಮಾತಿಸ್, ನನಗೇನು ಸಾಂಕ್ರಾಮಿಕ ರೋಗ ಬಂದಿದ್ಯಾ?"

"ಏನಿಲ್ಲಣ್ಣ. ಆದ್ರೂ 'ನಟನೆಯಲ್ಲ' ಅಂತ ಅಚ್ಚು ಹಾಕಿದಾರಲ್ಲ. ಓದಿರೋರು ಸುಮ್ಸುಮ್ನೆ ಬರೀತಾರಾ?"

ಅನೆಸ್ತಿಸ್ ಮೆಟ್ಟಿಲು ಹತ್ತುವಷ್ಟರಲ್ಲಿ ಮೊದಲ ಮಹಡಿಯಲ್ಲಿ ಗೋಳಾಟ ಕೇಳಿಸಿತು. ಅವನ ಬಾಡಿಗೆ ಮನೆಯ ಒಡತಿ, ವಿಧವೆ ಪೊಲಿಕ್ಸೇನಿ, ಬಾಗಿಲಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು. ಬಾಲ್ಕನಿಯಲ್ಲಿ ಸಾಕಿದ್ದ ಅವಳ ಆಮೆ ಕಾಣೆಯಾಗಿತ್ತು.

"ನಿನ್ನೆ ಐದು ಜನ ಕಾಣೆಯಾದ್ರು, ಇವತ್ತು ನನ್ನ ಆಮೆ!" ಎಂದು ಇವನತ್ತ ಬೆರಳು ಚಾಚಿದಳು.

"ಅಮ್ಮಾ, ಅದು ಸಿನಿಮಾ."

"ನನ್ನ ಆಮೆ ಸಿನಿಮಾದ್ದಲ್ಲ!" ಎಂದವಳೇ ಮೂರು ಸಲ "ಥೂ ಥೂ ಥೂ" ಎಂದು ದೃಷ್ಟಿ ತೆಗೆದುಕೊಂಡಳು. ಅದರಲ್ಲಿ ಒಂದು ಇವನ ಅಂಗಿಯ ಮೇಲೇ ಬಿತ್ತು.

ಗದ್ದಲ ಕೇಳಿ ನಾಲ್ಕನೇ ಮಹಡಿಯಿಂದ ವ್ರಸೀದಾಸ್ ಇಳಿದು ಬಂದ. ನಿವೃತ್ತ ವ್ಯಾಯಾಮ ಮಾಸ್ತರ, ಈಗ ಕಟ್ಟಡದ ಮೇಲ್ವಿಚಾರಕ. ಬಂದವನೇ ಪೊಲೀಸರ ಗತ್ತಿನಲ್ಲಿ ಕೇಳಿದ: "ಒಂದು ಮೊಟ್ಟೆ ತಿನ್ನೋಕೆ ನಾಲ್ಕು ನಿಮಿಷ ಯಾಕೆ ಬೇಕಾಯ್ತು? ತಪ್ಪು ಮಾಡದೋನು ಎರಡು ತುತ್ತಿಗೆ ಮುಗಿಸ್ತಾನೆ."

"ನಿಧಾನಕ್ಕೆ ತಿನ್ನು ಅಂದ್ರು, ತಿಂದೆ."

"ಅಂದ್ರೆ ಯಾರು ಏನು ಹೇಳಿದ್ರೂ ಮಾಡ್ತೀರಿ. ಅಪಾಯ!"

ಎಲ್ಲರನ್ನೂ ಸಮಾಧಾನ ಮಾಡಲೆಂದು ಅನೆಸ್ತಿಸ್ ಸ್ವಲ್ಪ ನಕ್ಕ. ಪೊಲಿಕ್ಸೇನಿ ಕಿಟಾರನೆ ಕಿರುಚಿ ಬಾಗಿಲು ಹಾಕಿಕೊಂಡಳು.

ಆಮೆಯನ್ನು ತಾನೇ ಹುಡುಕಿಕೊಟ್ಟರೆ ಅನುಮಾನ ಹರಿದೀತು ಎಂದು ಅವನಿಗೆ ಹೊಳೆಯಿತು. ಎರಡು ಗಂಟೆ ಕಾಲ ಮಂಡಿಯೂರಿ ಕಟ್ಟಡದ ಮೂಲೆ ಮೂಲೆ ತಡಕಿದ. ನೆಲಮಾಳಿಗೆಯ ಹಳೆ ಚಾಪೆಗಳ ಸಂದಿಯಲ್ಲಿ ಸಿಕ್ಕಿತು. ಮೈತುಂಬ ಜೇಡರ ಬಲೆ ಅಂಟಿಸಿಕೊಂಡು, ಆಮೆಯನ್ನು ಕೂಸಿನಂತೆ ಅಪ್ಪಿಕೊಂಡು ಮೇಲೆ ಬಂದ.

ಪೊಲಿಕ್ಸೇನಿ ಆಮೆ ಕಿತ್ತುಕೊಂಡು ವ್ರಸೀದಾಸನ ಕಡೆ ತಿರುಗಿದಳು. "ನೋಡಿದ್ರಾ ಮಾಸ್ತರೇ? ಇಡೀ ಕಟ್ಟಡಕ್ಕೆ ಸಿಗದ ಆಮೆ ಇವನೊಬ್ಬನಿಗೆ ಸಿಕ್ತು! ಬಚ್ಚಿಟ್ಟೋನಿಗಲ್ದೆ ಇನ್ಯಾರಿಗೆ ಸಿಗುತ್ತೆ?"

ಮಧ್ಯಾಹ್ನದ ಹೊತ್ತಿಗೆ ಲಿಫ್ಟಿನ ಪಕ್ಕ ಚೀಟಿ ಬಿತ್ತು: ಸಂಜೆ ಆರಕ್ಕೆ ತುರ್ತು ಸಭೆ. ವಿಷಯ: ಅನೆಸ್ತಿಸ್ ಮನೆ ಖಾಲಿ ಮಾಡುವುದು.

ಇಪ್ಪತ್ತಾರು ವರ್ಷ ಬಾಳಿದ ಮನೆ. ಅನೆಸ್ತಿಸ್‌ಗೆ ಒಂದೇ ದಾರಿ ತೋಚಿತು. ನಿರ್ದೇಶಕನನ್ನು ಹುಡುಕಿಕೊಂಡು ಹೊರಟ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ಇವನ ಪಕ್ಕದ ಸೀಟು ಕೊನೆಯವರೆಗೂ ಖಾಲಿಯೇ ಉಳಿಯಿತು.

ಯಾಸೊನಾಸ್ ಕಥೆ ಕೇಳಿ ಕಣ್ಣಲ್ಲಿ ನೀರು ತಂದುಕೊಂಡ. "ನಿಜವಾಗ್ಲೂ ಅನುಮಾನ ಪಡ್ತಿದಾರಾ? ಟಾಕೀಸಿನಿಂದ ಮನೆಗೆ ಹೋದ್ಮೇಲೂ? ಅಯ್ಯೋ, ಇದಕ್ಕಿಂತ ದೊಡ್ಡ ಬಹುಮಾನ ಬೇಕಾ ನನಗೆ!"

"ಬಂದು ಇವನು ಒಳ್ಳೆಯವನು ಅಂತ ಒಂದು ಮಾತು ಹೇಳಪ್ಪ."

"ಉತ್ತರ ಹೇಳಿಬಿಟ್ರೆ ಸಿನಿಮಾ ಸತ್ತುಹೋಗುತ್ತೆ."

"ಹೇಳದೆ ಹೋದ್ರೆ ನಾನು ಬೀದೀಲಿ ಸಾಯ್ತೀನಿ."

ಯಾಸೊನಾಸ್ ಸ್ವೆಟರಿನ ತೋಳಿನಿಂದ ಕಣ್ಣು ಒರೆಸಿದ. "ಆಯ್ತು, ಬರ್ತೀನಿ. ಆದ್ರೆ ನಿಜ ಮಾತ್ರ ಹೇಳೋದು. ಒಂದಕ್ಷರ ಸುಳ್ಳು ಸೇರಿಸಲ್ಲ."

"ನಿಜ ಸಾಕಪ್ಪ, ನಿಜವೇ ಸಾಕು" ಎಂದು ಅನೆಸ್ತಿಸ್ ಅವನ ಕೈಗೆ ಮುತ್ತಿಟ್ಟ.

ಆರಕ್ಕೆ ಕಟ್ಟಡದ ಹಜಾರ ತುಂಬಿತ್ತು. ಹರಿಕ್ಲಿಯಾ ಈಸ್ಟರ್ ಹಬ್ಬದ ಉಡುಪು ತೊಟ್ಟು ಮುಂದಿನ ಕುರ್ಚಿಯಲ್ಲೇ ಕೂತಿದ್ದಳು. ವ್ರಸೀದಾಸ್ ಬಾಯಿ ತೆರೆಯುವ ಮೊದಲೇ ಎದ್ದು ನಿಂತಳು.

"ಮೂವತ್ತೆರಡು ವರ್ಷ ಈ ಮನುಷ್ಯನ ಜೊತೆ ಕೂತು ಊಟ ಮಾಡಿದೀನಿ. ನಾನು ಕಾಣೆಯಾದ್ನಾ? ಒಂದು ನೊಣ ಹೊಡೀಬೇಕಾದ್ರೂ ನನ್ನನ್ನ ಕರೀತಾನೆ. ಇವನನ್ನ ಓಡಿಸೋದಾದ್ರೆ ನನ್ನ ದಾಟಿಕೊಂಡು ಓಡಿಸಿ!"

ಅನೆಸ್ತಿಸ್‌ನ ಕಣ್ಣು ತುಂಬಿ ಬಂತು. ಬೆಳಗಿನಿಂದ ಅವನ ಪರವಾಗಿ ನಿಂತ ಜೀವ ಅದೊಂದೇ.

ಆಮೇಲೆ ಯಾಸೊನಾಸ್ ಎದ್ದ. "ನೋಡಿ, ಈ ಮುಖದಲ್ಲಿ ಕೇಡು ತರಿಸೋಕೆ ಎರಡು ದಿನ ಒದ್ದಾಡಿದೆ. ಕೋಪದಿಂದ ನೋಡಿ ಅಂದ್ರೆ ಅಜ್ಜಿಗೆ ಸೀಟು ಬಿಟ್ಟುಕೊಡೋ ಥರ ನೋಡ್ತಿದ್ರು. ಇಷ್ಟು ಪಾಪದ ಮನುಷ್ಯನನ್ನ ನಾನು ನೋಡೇ ಇಲ್ಲ."

ಹಜಾರದಲ್ಲಿ ನಿಟ್ಟುಸಿರು ಹರಿದಾಡಿತು. ಪೊಲಿಕ್ಸೇನಿ ಕಣ್ಣೊರೆಸಿಕೊಂಡಳು. ಸ್ತಮಾತಿಸ್ ನಾಚಿಕೆಯಿಂದ ತಲೆ ತಗ್ಗಿಸಿದ.

ವ್ರಸೀದಾಸ್ ಮಾತ್ರ ಬಿಡಲಿಲ್ಲ. "ಹಾಗಾದ್ರೆ ಆ ನೋಟ ಎಲ್ಲಿಂದ ಬಂತು?"

"ಅದಾ? ಕೊನೆಗೊಂದು ಉಪಾಯ ಮಾಡಿದೆ" ಎಂದ ಯಾಸೊನಾಸ್ ಉತ್ಸಾಹದಿಂದ. "ನಿಮ್ಮ ಕಟ್ಟಡದಲ್ಲಿ ಇರೋರನ್ನೆಲ್ಲ ನೆನೆಸ್ಕೊಳ್ಳಿ ಅಂದೆ. ಕ್ಯಾಮೆರಾ ಹಿಂದೆ ನಿಂತು ಒಂದೊಂದೇ ಮಹಡಿ ಹೇಳ್ತಾ ಹೋದೆ."

ಅನೆಸ್ತಿಸ್ ಅವನ ಸ್ವೆಟರ್ ಹಿಡಿದು ಜಗ್ಗಿದ. "ಸಾಕಪ್ಪ, ಸಾಕು, ಅವರಿಗೆ ನಂಬಿಕೆ ಬಂತು..."

"ತಡೀರಿ, ನಿಜ ಬೇಕು ಅಂದ್ರಲ್ಲ. ನೆಲಮಹಡಿ ಅಂದೆ, ಏನಿಲ್ಲ. ಮೊದಲನೇ ಮಹಡಿ ಅಂದೆ, ಹುಬ್ಬು ಸ್ವಲ್ಪ ಏರಿತು, ಅಷ್ಟೇ. ಎರಡನೇದು ಖಾಲಿ ಅಂದ್ರು. ಮೂರನೇದು ಅಂದೆ ನೋಡಿ! ಅಬ್ಬಬ್ಬಾ! ಕ್ಯಾಮೆರಾ ಹಿಡಿದೋನು ಒಂದು ಹೆಜ್ಜೆ ಹಿಂದೆ ಸರಿದ. ನಾಲ್ಕು ನಿಮಿಷ ಆ ನೋಟ ಕದಲಲೇ ಇಲ್ಲ. ನಾಲ್ಕನೇ ಮಹಡಿಗೆ ಹೋಗೋ ಅಗತ್ಯವೇ ಬೀಳಲಿಲ್ಲ."

ವ್ರಸೀದಾಸ್ ಹಿಡಿದಿದ್ದ ಉಸಿರು ಬಿಟ್ಟ. ಪೊಲಿಕ್ಸೇನಿ ಶಿಲುಬೆಯ ಗುರುತು ಮಾಡಿ ದೇವರಿಗೆ ಕೈಮುಗಿದಳು. ಆಮೇಲೆ ಎಲ್ಲರ ತಲೆಗಳೂ ಮೆಲ್ಲಗೆ ಮುಂದಿನ ಕುರ್ಚಿಯ ಕಡೆ ತಿರುಗಿದವು. ಮೂರನೇ ಮಹಡಿಯಲ್ಲಿದ್ದದ್ದು ಒಂದೇ ಮನೆ. ಆ ಮನೆಯಲ್ಲಿ ಅನೆಸ್ತಿಸ್ ಬಿಟ್ಟರೆ ಇದ್ದವರು ಇನ್ನೊಬ್ಬರೇ.

ಹರಿಕ್ಲಿಯಾ ಸಾವಕಾಶವಾಗಿ ಎದ್ದು ಕೈಚೀಲ ತೋಳಿಗೇರಿಸಿಕೊಂಡಳು.

"ಅನೆಸ್ತಿಸ್, ನೀನು ಮನೆ ಗಿನೆ ಖಾಲಿ ಮಾಡೋದೇನೂ ಬೇಡಪ್ಪ," ಎಂದಳು ಪೊಲಿಕ್ಸೇನಿ ಬೆಣ್ಣೆಯಂಥ ದನಿಯಲ್ಲಿ. "ಬದುಕಿರೋವರೆಗೂ ಅಲ್ಲೇ ಇರು."

"ಇಲ್ಲಮ್ಮ, ನನ್ನಿಂದ ನಿಮಗೆಲ್ಲ ತೊಂದರೆ," ಎಂದು ಅನೆಸ್ತಿಸ್ ತೊದಲಿದ, "ನಾನು ಇವತ್ತೇ ಖಾಲಿ ಮಾಡ್ತೀನಿ. ಈಗಲೇ ಬೇಕಾದ್ರೂ..."

"ಬಾ ಅನೆಸ್ತಿಸ್," ಎಂದು ಹರಿಕ್ಲಿಯಾ ಲಿಫ್ಟಿನ ಬಾಗಿಲು ತೆರೆದು ಹಿಡಿದಳು. "ಮನೆಗೆ ಹೋಗೋಣ."

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಬೆಳಗಿನಿಂದ ಅವನನ್ನು ಆ ಕಟ್ಟಡದಿಂದ ಹೊರಹಾಕಲು ನಿಂತಿದ್ದವರೆಲ್ಲ ಕುರ್ಚಿ ಸರಿಸಿ, ಗೋಡೆಗೊತ್ತಿ ನಿಂತು, ಲಿಫ್ಟಿನವರೆಗೂ ಅವನಿಗೆ ದಾರಿ ಬಿಟ್ಟುಕೊಟ್ಟರು.