ಕದಲದ ಬಿಳಿ ಕಣಗಳು

ಹುಲಿಗೆ ಹೆದರುವವರನ್ನು ಕಂಡರೆ ನನಗೆ ಅಸೂಯೆ. ಕಾಡಿಗೆ ಹೋಗದಿದ್ದರೆ ಅವರ ಭಯ ಅಲ್ಲಿಗೇ ಮುಗಿಯಿತು. ನಾನು ಹೆದರುವುದು ನನ್ನ ಮೈಗೆ. ಅದನ್ನು ಮನೆಯಲ್ಲಿ ಬಿಟ್ಟು ಕಚೇರಿಗೆ ಹೋಗುವಂತಿಲ್ಲ. ಸೀನಿದರೆ ನ್ಯುಮೋನಿಯಾ, ತೇಗಿದರೆ ಹೃದಯದ ತೊಂದರೆ ಎಂದು ತೀರ್ಮಾನಿಸುವ ನಾನು ಎಪ್ಪತ್ತರ ದಶಕದಲ್ಲಿ ಒಮ್ಮೆ ವಿಜ್ಞಾನಕ್ಕಾಗಿ ರಕ್ತ ಕೊಟ್ಟೆನೆಂದರೆ, ಅದಕ್ಕೆ ಕಾರಣ ಧೈರ್ಯವಲ್ಲ, ಹೆಂಡತಿಯ ಮನೆಯವರೆದುರು ಕಾಯ್ದುಕೊಳ್ಳಬೇಕಾದ ಅಳಿಯನ ಗತ್ತು.

ನನ್ನ ಹೆಂಡತಿ ಸರೋಜಳ ತಮ್ಮ ಸುರೇಶ ಆಗ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ಬಸವೇಶ್ವರನಗರದ ನಮ್ಮ ಮನೆಗೆ ಭಾನುವಾರ ಊಟಕ್ಕೆ ಬಂದವನು, ಬಿಳಿ ರಕ್ತಕಣಗಳ ಪರೀಕ್ಷೆಗೆ ಆರೋಗ್ಯವಂತರ ರಕ್ತ ಬೇಕು, ಭಾವ ಕೊಡ್ತಾರಾ ಎಂದು ಅಕ್ಕನನ್ನು ಕೇಳಿದ. ಅತ್ತೆ ಕಳಿಸಿದ ಹೋಳಿಗೆ ಬಾಯಲ್ಲಿರುವಾಗ ಇಲ್ಲ ಎನ್ನುವ ಅಳಿಯ ಇನ್ನೂ ಹುಟ್ಟಿಲ್ಲ. ಮರುದಿನ ಹೋಗಿ, ಕಿಟಕಿಯಾಚೆಯ ಕಾಗೆಯನ್ನೇ ದಿಟ್ಟಿಸುತ್ತಾ ಕೈ ಚಾಚಿದೆ.

ಮುಂದಿನ ಭಾನುವಾರ ನಾನು ಪೇಪರು ಓದುತ್ತಿದ್ದಾಗ ಅಡುಗೆಮನೆಯಿಂದ ಸುರೇಶನ ದನಿ ಕೇಳಿಸಿತು.

"ಭಾವನ ಬಿಳಿ ಕಣಗಳು ಇದ್ದ ಜಾಗ ಬಿಟ್ಟು ಕದಲಲೇ ಇಲ್ಲ ಕಣಕ್ಕ."

ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಅವು ಮೈಯೆಲ್ಲ ಓಡಾಡಿ ರೋಗದ ಜತೆ ಹೊಡೆದಾಡುವ ಸಿಪಾಯಿಗಳು ಎಂದು ನಾನೂ ಹೈಸ್ಕೂಲಿನಲ್ಲಿ ಓದಿದ್ದೆ. ಅವೇ ಕದಲದಿದ್ದರೆ ಇನ್ನೇನು ಉಳಿಯಿತು? ಎದ್ದು ಹೋಗಿ ಕೇಳಬಹುದಿತ್ತು. ಆದರೆ ಭಾವನಾದವನು ಭಾವಮೈದನಿಗೆ ಹೆದರಿದ ಮುಖ ತೋರಿಸುವುದುಂಟೆ? ಊಟಕ್ಕೆ ಕೂತಾಗ ಅವನು ಆ ವಿಷಯವನ್ನೇ ಎತ್ತಲಿಲ್ಲ. ಹೇಳಲಾರದೆ ಮುಚ್ಚಿಡುತ್ತಿದ್ದಾನೆ ಅಂದುಕೊಂಡೆ. ನಾನು ಕೇಳದೆಯೇ ಸರೋಜ ಇನ್ನೊಂದು ಸಲ ತುಪ್ಪ ಬಡಿಸಿದಾಗ ಅನುಮಾನ ಖಾತ್ರಿಯಾಯಿತು.

ಕಣಗಳು ತಾವಾಗಿ ಕದಲದಿದ್ದರೆ ನಾನೇ ಕದಲಿಸಬೇಕು ತಾನೆ? ಬೆಳಿಗ್ಗೆ ಎದ್ದವನೇ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆಯವರೆಗೆ ಬಿರಬಿರನೆ ನಡೆಯತೊಡಗಿದೆ. ಬಚ್ಚಲಲ್ಲಿ ಕುಪ್ಪಳಿಸಿದೆ. ಕಚೇರಿಯಲ್ಲಿ ಮೇಜಿನ ಕೆಳಗೆ ಕಾಲು ಅಲ್ಲಾಡಿಸಿದ್ದಕ್ಕೆ ಪಕ್ಕದವರು ಕುರ್ಚಿ ದೂರ ಎಳೆದುಕೊಂಡರು. ಇದೆಲ್ಲ ಈಗ ನಗು ತರಿಸುತ್ತದೆ. ಆಗ ಮಾತ್ರ, ಸಂಜೆ ಮಗಳು ಮಗ್ಗಿ ಒಪ್ಪಿಸುತ್ತಿದ್ದರೆ, ಇವಳು ದೊಡ್ಡವಳಾಗುವುದನ್ನು ನಾನು ನೋಡುವುದಿಲ್ಲವೇನೋ ಎಂದುಕೊಂಡು ಮುಗಿದ ಮಗ್ಗಿಯನ್ನೇ ಇನ್ನೊಮ್ಮೆ ಹೇಳಿಸುತ್ತಿದ್ದೆ.

ಕೊನೆಗೊಂದು ದಿನ ಕುಪ್ಪಳಿಸುವಾಗ ಬಚ್ಚಲಲ್ಲಿ ಜಾರಿಬಿದ್ದೆ. ಸರೋಜ ಗದರಿಸಿದ್ದಕ್ಕೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನಗಲಿಲ್ಲ, ತಮ್ಮನನ್ನು ಕರೆಸಿ ನನ್ನೆದುರು ಕೂರಿಸಿದಳು.

ಸುರೇಶ ಹೇಳಿದ್ದು ಇಷ್ಟು. ಬಿಳಿ ಕಣಗಳನ್ನು ಸಣ್ಣ ಗಾಜಿನ ನಳಿಕೆಯಲ್ಲಿ ತುಂಬಿಟ್ಟರೆ ಅವು ಮೆಲ್ಲಗೆ ಹೊರಗೆ ತೆವಳಿ ಅಲೆಯತೊಡಗುತ್ತವೆ. ಅವನು ಅದಕ್ಕೆ ಕ್ಷಯದ ಕ್ರಿಮಿಯಿಂದ ತೆಗೆದ ಸತ್ವವನ್ನು ಬೆರೆಸಿದ್ದ. ಆ ಕ್ರಿಮಿಯನ್ನು ಹಿಂದೆ ಕಂಡಿದ್ದ ಕಣಗಳು ಅದರ ಗುರುತು ಹಿಡಿದು ಒಂದು ಪ್ರೋಟೀನನ್ನು ಹೊರಬಿಡುತ್ತವೆ. ಆ ಪ್ರೋಟೀನು ತಗುಲಿದ ಉಳಿದ ಕಣಗಳು ಅಲೆದಾಟ ಬಿಟ್ಟು ನಿಂತುಬಿಡುತ್ತವೆ.

"ಹಾಗಾದ್ರೆ ನನಗೆ ಟಿ.ಬಿ. ಇದೆಯೇನಪ್ಪಾ?" ಎಂದೆ. ಹಳೆಯ ಭಯ ಹೋಗುವ ಮುಂಚೆಯೇ ಹೊಸದು ಬಂದು ಕೂತಿತ್ತು.

"ಇಲ್ಲ ಭಾವ. ಆ ಕ್ರಿಮಿ ಯಾವಾಗ್ಲೋ ನಿಮ್ಮ ಮೈಗೆ ಬಂದಿರ್ಬೇಕು, ನಮ್ಮಲ್ಲಿ ತುಂಬ ಜನಕ್ಕೆ ಬಂದಿರತ್ತೆ. ನಿಮ್ಮ ಕಣಗಳು ಅದನ್ನ ನೆನಪಿಟ್ಕೊಂಡಿವೆ, ಅಷ್ಟೆ. ಶತ್ರು ಬಂದ ಅಂತ ಸುದ್ದಿ ಮುಟ್ಟಿದ ತಕ್ಷಣ ಓಡ್ಹೋಗಲ್ಲ, ಎದುರಿಸಿ ನಿಂತ್ಕೋತವೆ."

ಸರೋಜ ತಮ್ಮನ ಮುಖ ನೋಡಿದಳು. "ಇವರ ಮೈಯಲ್ಲಿ ಧೈರ್ಯ ಅಂತ ಇದ್ದಿದ್ದು ಅದೊಂದೇ ಕಣೋ. ಅದನ್ನೂ ನೀನು ಸೀಸೆಗೆ ತುಂಬ್ಕೊಂಡು ಹೋದೆಯಲ್ಲ."

ಅಷ್ಟು ಒಳ್ಳೆಯ ಕಣಗಳಾದ್ದರಿಂದ ಇನ್ನೊಂದು ಸಲ ರಕ್ತ ಕೊಟ್ಟರೆ ಉಪಕಾರವಾಗುತ್ತದೆ ಎಂದು ಸುರೇಶ ಹೇಳಿದನಂತೆ. ಪೂರ್ತಿ ಕೇಳಿಸಿಕೊಳ್ಳಲು ನಾನು ಅಲ್ಲಿರಲಿಲ್ಲ. 'ಇನ್ನೊಂದು ಸಲ' ಎನ್ನುವಷ್ಟರಲ್ಲೇ ಚಪ್ಪಲಿ ಮೆಟ್ಟಿ ಗೇಟು ದಾಟಿದ್ದೆ.