ದೇವರ ಅಕ್ಕಿಯ ಡಬ್ಬಿ

ಮತ್ತೆ ಎಬ್ಬಿಸಿದರು. ನಾನು ಎರಡು ಸಾಲು ಬರೆಯಲು ಕೂತರೆ ಸಾಕು, ಮನೆಯವರಿಗೆಲ್ಲ ನನ್ನ ನೆನಪಾಗುತ್ತದೆ. ಯಜಮಾನರಿಗೆ ಅಂಗಿಯ ಗುಂಡಿ ಈಗಲೇ ಹಾಕಿಸಬೇಕು, ಅತ್ತೆಗೆ ಒಂದು ಲೋಟ ಬಿಸಿನೀರು ಬೇಕು, ಐದು ವರ್ಷದ ಮಗಳಿಗೆ ಉತ್ತರ ಬೇಕು. "ಅಮ್ಮಾ, ಯೇಸುಸ್ವಾಮಿ ಬಡಿಗಿ ಕೆಲಸಕ್ಕ ಹೋಗಾಕ ಡಬ್ಬಿ ಯಾರು ಕಟ್ಟತಿದ್ರು?" ಅವರಮ್ಮ ಅಂದೆ. "ಏನು ಪಲ್ಯ?" ಅಂದಳು. ನಮ್ಮಲ್ಲಿ ದೇವರ ವಿಷಯ ಮತ್ತು ಅಡುಗೆಮನೆಯ ವಿಷಯ ದಿನಾ ಹೀಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಲೇ ಇರುತ್ತವೆ.

ನಡುವೆ ಸಿಕ್ಕವಳು ನಾನು. ಯಜಮಾನರು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸುತ್ತಾರೆ. ನಾನು ಮನೆಯಲ್ಲೇ ಕೂತು, ಹೊಲಿದು ಬಂದ ಪ್ಯಾಂಟುಗಳ ದಾರ ಕತ್ತರಿಸುತ್ತೇನೆ. ಒಂದು ಹಳೇ ಮೋಟಾರ್ ಮಷಿನ್ನು ಕೊಂಡರೆ ದಾರ ಬಿಟ್ಟು ಪ್ಯಾಂಟನ್ನೇ ಹೊಲಿಯಬಹುದು. ನನ್ನ ಕಣ್ಣೆಲ್ಲ ಆ ಮಷಿನ್ನಿನ ಮೇಲೆ.

ಚಿಕ್ಕ ಹಿಡಿ

ನಮ್ಮ ಚರ್ಚಿನ ಸಭೆಯಲ್ಲೊಂದು ಪದ್ಧತಿ ಇದೆ. ಅನ್ನಕ್ಕೆ ಇಡುವಾಗೆಲ್ಲ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ಬೇರೆ ಡಬ್ಬಿಗೆ ಹಾಕಬೇಕು. ಡಬ್ಬಿ ತುಂಬಿದ ಮೇಲೆ ಚರ್ಚಿಗೆ ಕೊಡಬೇಕು.

ಸಿರುಗುಪ್ಪದಿಂದ ಅತ್ತೆ ಬಂದರೆಂದರೆ ಡಬ್ಬಿ ಬೇಗ ತುಂಬುತ್ತದೆ, ನಮ್ಮ ಚೀಲ ಬೇಗ ಇಳಿಯುತ್ತದೆ. ಭತ್ತದ ಗದ್ದೆಯಲ್ಲಿ ದುಡಿದ ಕೈ ಅದು. ಅವರ ಒಂದು ಹಿಡಿಯಲ್ಲಿ ನಮ್ಮ ಒಬ್ಬರ ಊಟ ಆಗುತ್ತದೆ. ಹಿಡಿ ಯಾರದಾಗಿರಬೇಕು ಎಂದು ಪಾಸ್ಟರ್ ಯಾವತ್ತೂ ಹೇಳಿಲ್ಲವಲ್ಲ ಎಂದು ಯೋಚಿಸಿ, ಮಗಳ ಕೈಯಿಂದ ಹಾಕಿಸತೊಡಗಿದೆ. ಒಂದು ದಿನ ಪಾಸ್ಟರ್ ಮನೆಗೆ ಬಂದವರು ಅದನ್ನು ನೋಡಿ, ಇಷ್ಟು ಚಿಕ್ಕ ವಯಸ್ಸಿಗೇ ಕೊಡುವುದನ್ನು ಕಲಿಸಿದ್ದೀರಿ ಎಂದು ಹೊಗಳಿ ಹೋದರು.

ಅತ್ತೆ ಅದೇ ದಿನ ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಮೊಮ್ಮಗಳನ್ನು ಕರೆದರು. "ಇವತ್ತಿಂದ ನಿಮ್ಮಮ್ಮಗ ಅನ್ನ ನೀನ ನೀಡವ್ವ. ಚಮಚ ಬ್ಯಾಡ. ದೇವರಿಗೆ ಹಾಕೋ ಕೈಲೇ ನೀಡು."

ಒಂದೇ ಮಿರ್ಚಿ

ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದೆ. ಕೊನೆಯ ಪ್ರಾರ್ಥನೆ ಕುರುಗೋಡಿನ ಹಿರಿಯರೊಬ್ಬರದು. ಓಣಿಯ ಕಾಯಿಲೆಯವರಿಂದ ಹೊರಟು, ಜಿಲ್ಲೆ, ರಾಜ್ಯ, ದೇಶ ಎಲ್ಲ ಮುಗಿಸಿ ಸಮುದ್ರ ದಾಟುತ್ತಾರೆ. ಅಷ್ಟು ಹೊತ್ತೂ ಒಲೆಯ ಮೇಲೆ ಟೀ ಬಿಸಿ ಇರಬೇಕು. ಗ್ಯಾಸು ನನ್ನದು.

ಮಿರ್ಚಿ ಬಜ್ಜಿ ಕರಿಯುವ ಮನೆಗಳಲ್ಲಿ ಇದೇ ಪ್ರಾರ್ಥನೆ ಬೇಗ ಮುಗಿಯುವುದನ್ನು ನಾನು ಗಮನಿಸಿದ್ದೆ. ಇದು ನಿಜವೋ, ನನ್ನ ಮನಸ್ಸೇ ಕೆಟ್ಟದ್ದೋ ತಿಳಿಯಬೇಕಿತ್ತು. ನಮ್ಮ ಮನೆಯ ಸರದಿ ಬಂದಾಗ, ಅವರು ಇನ್ನೂ ದೆಹಲಿಯಲ್ಲಿರುವಾಗಲೇ ಮೆಲ್ಲಗೆ ಎದ್ದು ಹೋಗಿ ಕಾದ ಎಣ್ಣೆಗೆ ಒಂದೇ ಒಂದು ಮಿರ್ಚಿ ಬಿಟ್ಟೆ. ವಾಸನೆ ಹೊರಗೆ ಹೋಗಿದ್ದೇ ತಡ, ಮಿಕ್ಕ ಪ್ರಪಂಚವನ್ನೆಲ್ಲ ಒಂದೇ ಉಸಿರಿನಲ್ಲಿ ದೇವರ ಕೈಗೆ ಒಪ್ಪಿಸಿ ಆಮೆನ್ ಅಂದರು.

ನಾನು ಟೀ, ಬಿಸ್ಕತ್ತು ತಂದಿಟ್ಟೆ. ಹಿರಿಯರು ತಟ್ಟೆ ನೋಡಿದರು, ಅಡುಗೆಮನೆಯ ಬಾಗಿಲು ನೋಡಿದರು. ಆ ಒಂದು ಮಿರ್ಚಿಯನ್ನು ಮಗಳು ಬಾಗಿಲಲ್ಲೇ ನಿಂತು ತಿನ್ನುತ್ತಿದ್ದಳು. ಅವರು ಟೀ ಲೋಟ ಕೆಳಗಿಟ್ಟರು. "ಆಫ್ರಿಕಾ ಬಿಟ್ಟುಹೋಗೇತಿ. ಎಲ್ಲಾರೂ ಮತ್ತ ಕಣ್ಣು ಮುಚ್ಚರಿ."

ಹರಾಜು

ಇನ್ನು ಮಷಿನ್ನಿನ ದುಡ್ಡು. ಅದು ಯಜಮಾನರ ಕಣ್ಣಿಗೆ ಬೀಳಬಾರದು. ಅವರು ಕುಡಿಯುವವರಲ್ಲ, ಇಸ್ಪೀಟು ಆಡುವವರೂ ಅಲ್ಲ. ಆದರೆ ಯಾರಾದರೂ ಬಂದು "ಕಷ್ಟ ಐತಿ ಅಣ್ಣಾ" ಅಂದರೆ ಮನೆಯಲ್ಲಿರುವುದನ್ನೆಲ್ಲ ಕೊಟ್ಟುಬಿಡುತ್ತಾರೆ. ಬೀರು, ಹಾಸಿಗೆಯ ಅಡಿ, ಸಾಸಿವೆ ಡಬ್ಬಿ ಎಲ್ಲ ಅವರಿಗೆ ಗೊತ್ತು. ದೇವರ ಅಕ್ಕಿಗೆ ಮಾತ್ರ ಕೈ ಹಾಕುವುದಿಲ್ಲ. ಹಾಗಾಗಿ ನೋಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆ ಡಬ್ಬಿಯಲ್ಲೇ ಹೂತಿಟ್ಟೆ. ಮಗಳು ಅಕ್ಕಿಯಲ್ಲಿ ಆಡಲು ಬಂದಾಗೆಲ್ಲ, ಅದರೊಳಗಿರುವುದೆಲ್ಲ ದೇವರದು, ಮೇಲಿಂದ ಹಾಕು, ಒಳಗೆ ಕೈ ಹಾಕಬೇಡ ಎಂದು ಗದರಿಸುತ್ತಿದ್ದೆ.

ಸುಗ್ಗಿ ಹಬ್ಬದ ಭಾನುವಾರ ಬಂತು. ಅವತ್ತು ಜನ ಕುಂಬಳಕಾಯಿ, ಕೋಳಿ, ಭತ್ತ ಎಲ್ಲ ಚರ್ಚಿಗೆ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅವನ್ನು ಹರಾಜು ಹಾಕುತ್ತಾರೆ. ಮಗಳಿಗೆ ಜಡೆ ಹಾಕಿ ನಾನು ಹೋಗುವಷ್ಟರಲ್ಲಿ ಹಾಡು ಶುರುವಾಗಿತ್ತು. ತಲೆ ಎತ್ತಿದರೆ ಮುಂದಿನ ಮೇಜಿನ ಮೇಲೆ ಕುಂಬಳಕಾಯಿಯ ಪಕ್ಕ ನಮ್ಮ ಡಬ್ಬಿ. ಡಬ್ಬಿ ತುಂಬಿತ್ತೆಂದು ಅತ್ತೆ ಮೊದಲೇ ತಂದು ಅರ್ಪಿಸಿದ್ದರು. ಅವತ್ತು ಪಾಸ್ಟರ್ ಪ್ರಸಂಗದಲ್ಲಿ ಏನು ಹೇಳಿದರು ಎಂದು ನನ್ನನ್ನು ಕೇಳಬೇಡಿ.

ಹರಾಜು ಕೂಗಿದವರು ಅದೇ ಕುರುಗೋಡಿನ ಹಿರಿಯರು. ಡಬ್ಬಿ ಎತ್ತಿದ್ದೇ ತಡ ನಾನು ನೂರು ಅಂದೆ. ಸಭೆಯೆಲ್ಲ ತಿರುಗಿ ನೋಡಿತು. ನಾನು ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವವಳು. ನಮ್ಮ ಓಣಿಯ ಕಿರಾಣಿ ಅಂಗಡಿಯವರೂ ಅಲ್ಲೇ ಕೂತಿದ್ದರು. ಈಕೆ ಬಾಯಿಬಿಟ್ಟು ನೂರು ಅಂದಳೆಂದರೆ ಆ ಅಕ್ಕಿಯಲ್ಲಿ ಏನೋ ವಿಶೇಷ ಇರಲೇಬೇಕು ಎಂದು ಅವರಿಗೆ ಅನಿಸಿತು. ಇನ್ನೂರು ಅಂದರು. ನಾನು ಮುನ್ನೂರು ಅಂದೆ. ಅವರು ಐನೂರು. ಗಂಡಸರ ಸಾಲಿನಿಂದ ಯಜಮಾನರು ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದರು. ಪಕ್ಕದಲ್ಲಿ ಅತ್ತೆ ಮಾತ್ರ ಕಣ್ಣೊರೆಸಿಕೊಂಡು, "ಅಂತೂ ನನ್ನ ಸೊಸಿಗೆ ದೇವರು ಮನಸ್ಸು ಕೊಟ್ಟ" ಅಂದರು.

ಸಾವಿರಕ್ಕೆ ಅಂಗಡಿಯವರು ಸುಮ್ಮನಾದರು. ಸಾವಿರ ಹೋದರೂ ಮಷಿನ್ನು ಉಳಿಯಿತು ಎಂದು ಉಸಿರು ಬಿಟ್ಟು, ಮಗಳ ಕೈ ಹಿಡಿದು ಡಬ್ಬಿ ತೆಗೆದುಕೊಳ್ಳಲು ಮುಂದೆ ಹೋದೆ. ಪಾಸ್ಟರ್ ಅದನ್ನು ಸುಮ್ಮನೆ ಕೊಡಲಿಲ್ಲ. ಕೊಟ್ಟಿದ್ದನ್ನೇ ಹತ್ತು ಪಟ್ಟು ಬೆಲೆಗೆ ಕೊಂಡ ಈ ಸಹೋದರಿಗಾಗಿ ಪ್ರಾರ್ಥಿಸೋಣ ಎಂದು ಮುಚ್ಚಳ ತೆಗೆದು, ಎಲ್ಲರಿಗೂ ಕಾಣುವಂತೆ ಬೊಗಸೆ ತುಂಬ ಅಕ್ಕಿ ಎತ್ತಿದರು. ಅಕ್ಕಿಯ ಜೊತೆ ಪ್ಲಾಸ್ಟಿಕ್ ಕವರೂ ಬಂತು.

"ನಂಗೊತ್ತಿತ್ತು" ಎಂದು ಅಂಗಡಿಯವರು ಗೊಣಗಿದರು. ಅತ್ತೆ ಕಣ್ಣೊರೆಸುವುದನ್ನು ನಿಲ್ಲಿಸಿದರು. ಇದು ಯಾರದಮ್ಮ ಎಂದು ಪಾಸ್ಟರ್ ಮೆಲ್ಲಗೆ ಕೇಳಿದರು. ನಂದ್ರಿ ಅನ್ನಲು ಇನ್ನೇನು ಬಾಯಿ ತೆರೆಯಬೇಕು, ಮಗಳು ನನ್ನ ಸೆರಗು ಜಗ್ಗಿ ಇಡೀ ಸಭೆಗೆ ಕೇಳುವಂತೆ ಕೇಳಿದಳು.

"ಅಮ್ಮಾ, ಅದರೊಳಗ ಇರೋದೆಲ್ಲ ದೇವರದು, ಕೈ ಹಾಕಬಾರದು ಅಂತಿದ್ದಿಯಲ್ಲ. ಮತ್ತ ನೀ ಯಾಕ ಹಾಕಿದ್ದಿ?"