ವಾಡಿಕೆಯ ಕಾಫಿ

ಆರ್ವೋ ಲೆಹ್ಟಿನೆನ್ ತನ್ನ ಯಂತ್ರ ಬಿಟ್ಟು ದೂರ ಇದ್ದದ್ದು ಬರೀ ಹತ್ತು ನಿಮಿಷ. ಅಷ್ಟರಲ್ಲೇ ಹೊಸ ಸೂಪರ್‌ವೈಸರ್ ಪ್ರಾಟ್ ಬಂದು, ಖಾಲಿ ಸ್ಟೂಲು ನೋಡಿ, ನೋಟಿಸು ಬರೆದು, ಸ್ಟೂಲಿನ ಮೇಲೇ ಅಂಟಿಸಿ ಹೋಗಿದ್ದ. ಥಂಡರ್ ಬೇ ಊರಿನ ಆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಇಷ್ಟು ಚುರುಕಾಗಿ ಇನ್ಯಾವ ಕೆಲಸವೂ ಆದದ್ದಿಲ್ಲ.

'ಅನುಮತಿಯಿಲ್ಲದೆ ಕೆಲಸದ ಜಾಗ ಬಿಟ್ಟದ್ದು. ಎರಡನೆಯ ನೋಟಿಸು' ಎಂದಿತ್ತು. ಮೊದಲನೆಯದು ಮಾರ್ಚಿನಲ್ಲಿ ಬಂದಿತ್ತು, ಹಿಮ ತೋಡಿ ಕಾರು ಹೊರತೆಗೆಯುವಷ್ಟರಲ್ಲಿ ತಡವಾದದ್ದಕ್ಕೆ. ಮೂರನೆಯದು ಬಂದರೆ ಸೀದಾ ಮನೆಗೆ. ಹತ್ತೊಂಬತ್ತು ವರ್ಷದ ಸರ್ವಿಸು, ಐವತ್ತಮೂರು ವಯಸ್ಸು. ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಹನ್ನೆರಡು ಲೋಟ ಕಾಫಿಯ ತಟ್ಟೆಯನ್ನು ನೆಲಕ್ಕಿಟ್ಟು ಆರ್ವೋ ನೋಟಿಸನ್ನು ಇನ್ನೊಮ್ಮೆ ಓದಿದ.

ಹೌದು, ಹೋಗಿದ್ದದ್ದು ಕಾಫಿ ಮಾಡಲು. ಅಲ್ಲಿನ ಕಾಫಿ ಯಂತ್ರ ಮುದಿ ಕತ್ತೆಯಂಥದು. ಎಡಕ್ಕೆ ಎರಡು ಗುದ್ದು, ಮುಚ್ಚಳಕ್ಕೊಂದು ಏಟು ಕೊಡದೆ ಒಂದು ಹನಿ ಇಳಿಸದು. ಆ ಗುದ್ದು ಎಲ್ಲಿ ಬೀಳಬೇಕೆಂದು ಗೊತ್ತಿದ್ದವನು ಆರ್ವೋ ಒಬ್ಬನೇ.

"ಸಹಿ ಹಾಕ್ಬೇಡ!" ಎಂದು ಪಕ್ಕದ ಯಂತ್ರದ ಲುಯೀಜಿ ಕೂಗಿದ. "ಹೋಗಿ ಸ್ವಲ್ಪ ಅತ್ತುಬಿಡು. ನಿನ್ನ ಮುಖಕ್ಕೆ ಅಳು ಚೆನ್ನಾಗಿ ಒಪ್ಪುತ್ತೆ."

ಅಷ್ಟರಲ್ಲಿ ಯೂನಿಯನ್ನಿನ ಪ್ರತಿನಿಧಿ ಡೋರೀನ್ ಕೊವಾಲ್ಚುಕ್ ಬಂದಳು. ಅವಳು ನಡೆದು ಬರುವುದನ್ನು ನೋಡಿದರೆ ಅರ್ಧ ನ್ಯಾಯ ಸಿಕ್ಕಿಯೇಬಿಟ್ಟಿತು ಎನ್ನಿಸಬೇಕು, ಅಂಥ ಹೆಂಗಸು.

"ಇಷ್ಟೇನಾ?" ಎಂದಳು ನೋಟಿಸು ಓದಿ. "ಇಂಥವು ಎಷ್ಟು ನೋಡಿಲ್ಲ ನಾನು! ಎಷ್ಟು ವರ್ಷದಿಂದ ಕಾಫಿ ಮಾಡ್ತಿದ್ದೀಯ?"

"ಹನ್ನೊಂದು."

"ಹಾಗಾದ್ರೆ ಅದು ವಾಡಿಕೆ ಕಣೋ, ವಾಡಿಕೆ! ವರ್ಷಗಟ್ಟಲೆ ಎಲ್ಲರ ಕಣ್ಣೆದುರು ನಡೆದಿದೆ, ಆಡಳಿತದವರು ಒಂದಿನಾನೂ ಬೇಡ ಅಂದಿಲ್ಲ. ಅಂದ್ಮೇಲೆ ಅದು ಒಪ್ಪಂದದಲ್ಲಿ ಬರೆದಷ್ಟೇ ಗಟ್ಟಿ."

"ಅದಲ್ಲ ಡೋರೀನ್, ನನಗೂ ಈ ಕಾಫಿ ಸಾಕಾಗಿಹೋಗಿದೆ. ಇನ್ಮೇಲೆ ಮಾಡಲ್ಲ ಅಂತ ಹೇಳಿಬಿಟ್ರೆ..."

"ಥೂ, ಹಾಗಂದ್ರೆ ತಪ್ಪೊಪ್ಕೊಂಡ ಹಾಗೆ! ನೀನು ಬಾಯಿ ಬಿಟ್ಟೆಯೋ, ಕೆಟ್ಟೆ. ಸುಮ್ನೆ ಕೂತಿರು."

ಹನ್ನೊಂದು ಗಂಟೆಗೆ ಪ್ರಾಟ್‌ನ ಕೋಣೆಯಲ್ಲಿ ವಿಚಾರಣೆ. ಡೋರೀನ್ ಸಾಕ್ಷಿಗೆಂದು ಲುಯೀಜಿಯನ್ನು ಎಳೆದು ತಂದಿದ್ದಳು. ಅವನಂತೂ ಮದುವೆಗೆ ಹೊರಟವನಂತೆ ತಲೆ ಬಾಚಿಕೊಂಡು ಬಂದಿದ್ದ.

"ಹನ್ನೊಂದು ವರ್ಷ! ಒಂದೇ ಒಂದು ದಿನ ತಪ್ಪಿಲ್ಲ ಸಾಹೇಬ್ರೆ. ಜ್ವರ ಬಂದಾಗ್ಲೂ ಎದ್ದು ಬಂದು ಮಾಡಿಕೊಟ್ಟಿದ್ದಾನೆ."

"ಇಲ್ಲ, ನಾಕೈದು ಸಲ ತಪ್ಪಿಸಿ..." ಎಂದು ಆರ್ವೋ ಬಾಯಿ ತೆರೆದ. ಮೇಜಿನ ಕೆಳಗೆ ಡೋರೀನಳ ಬೂಟು ಅವನ ಮೊಣಕಾಲಿಗೆ ಬಿತ್ತು. ಪ್ರಾಣ ಹೋದಂತಾಗಿ ಬಾಯಿ ಮುಚ್ಚಿದ.

"ಕಾಫಿ ಚೆನ್ನಾಗಿರುತ್ತಾ?" ಪ್ರಾಟ್ ಕೇಳಿದ.

"ಅದೊಂದು ಕೇಳ್ಬೇಡಿ ಸಾಹೇಬ್ರೆ. ನಿಜ ಹೇಳ್ತೀನಿ ಅಂತ ಮಾತು ಕೊಟ್ಟು ಬಂದಿದ್ದೀನಿ," ಎಂದ ಲುಯೀಜಿ.

ಪ್ರಾಟ್ ಎಲ್ಲವನ್ನೂ ನಿಧಾನವಾಗಿ ಬರೆದುಕೊಂಡ. "ಅಂದ್ರೆ ಇದು ಇವನಿಗೆ ಇಷ್ಟ ಬಂದಾಗ ಮಾಡೋದಲ್ಲ ಅಂತೀರಿ?"

"ಇಷ್ಟಗಿಷ್ಟ ಏನಿಲ್ಲ ರೀ! ವಾಡಿಕೆ!" ಡೋರೀನ್ ಮೇಜು ಗುದ್ದಿದಳು. "ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಎರಡಕ್ಕೆ. ಹನ್ನೆರಡು ಲೋಟ. ಬರ್ಕೊಳ್ಳಿ!"

ಪ್ರಾಟ್ ಬರೆದುಕೊಂಡ. ಡೋರೀನ್, ಲುಯೀಜಿ, ಆರ್ವೋ ಮೂವರೂ ಸಹಿ ಹಾಕಿದರು. ನೋಟಿಸು ಹರಿದು ಕಸದ ಬುಟ್ಟಿಗೆ ಬಿತ್ತು. ಹೊರಗೆ ಬಂದಾಗ ಚಪ್ಪಾಳೆಯೋ ಚಪ್ಪಾಳೆ. ಲುಯೀಜಿ ಆರ್ವೋನ ಎರಡೂ ಕೆನ್ನೆಗೆ ಮುತ್ತು ಕೊಟ್ಟ.

ಕೆನ್ನೆ ಒರೆಸಿಕೊಳ್ಳುತ್ತಾ ಆರ್ವೋ ಅಲ್ಲೇ ನಿರ್ಧಾರ ಮಾಡಿದ. ಗೆದ್ದದ್ದೇನೋ ಆಯಿತು, ಇನ್ನು ಈ ಜನ್ಮದಲ್ಲಿ ಆ ಕಾಫಿ ಯಂತ್ರ ಮುಟ್ಟುವುದಿಲ್ಲ. ಜಾಗ ಬಿಟ್ಟರೆ ತಾನೇ ತಕರಾರು? ಜಾಗವನ್ನೇ ಬಿಡದಿದ್ದರೆ ಯಾವ ಮಗ ಏನು ಮಾಡಿಯಾನು!

ಎರಡು ಗಂಟೆಯಾಯಿತು. ಆರ್ವೋ ಎದೆಯುಬ್ಬಿಸಿ ತನ್ನ ಸ್ಟೂಲಿನ ಮೇಲೆ ಕೂತಿದ್ದ. ಎರಡೂ ಐದಕ್ಕೆ ಲುಯೀಜಿ ಖಾಲಿ ಲೋಟ ಹಿಡಿದು ಬಂದ.

"ಏನಪ್ಪಾ, ಕಾಫಿ?"

"ಬೇಕಾದ್ರೆ ಮಾಡ್ಕೊಂಡು ಕುಡೀರಿ. ನಾನು ಏಳಲ್ಲ."

ಲುಯೀಜಿಯೂ ಉಳಿದವರೂ ಹೋಗಿ ಕಾಫಿ ಯಂತ್ರಕ್ಕೆ ಗುದ್ದಿ ನೋಡಿದರು. ಒಬ್ಬೊಬ್ಬರೂ ಗುದ್ದಿದರು. ಯಂತ್ರ ಬುಸುಗುಟ್ಟಿತೇ ಹೊರತು ಹನಿ ಇಳಿಸಲಿಲ್ಲ. ಎಲ್ಲರೂ ಸಿಡಿಮಿಡಿಗುಟ್ಟುತ್ತಾ ಒಂದು ಮೂಲೆಯಲ್ಲಿ ಗುಂಪು ಸೇರಿದರು.

ಎರಡೂವರೆಗೆ ಪ್ರಾಟ್ ಬಂದ. ಈ ಸಲ ಅಂಟಿಸಲಿಲ್ಲ, ನಗುನಗುತ್ತಾ ಕೈಗೇ ಕೊಟ್ಟ.

'ವಾಡಿಕೆಯ ಕರ್ತವ್ಯ ಮಾಡದೆ, ಕಾಫಿ ವೇಳೆಯಲ್ಲಿ ಯಂತ್ರದ ಮುಂದೆಯೇ ಕುಳಿತಿದ್ದದ್ದು. ಎರಡನೆಯ ನೋಟಿಸು.'

ಆರ್ವೋ ಎದ್ದೆನೋ ಬಿದ್ದೆನೋ ಎಂದು ಡೋರೀನಳ ಹತ್ತಿರ ಓಡಿದ. "ನೋಡು ಮಾರಾಯ್ತಿ, ಮತ್ತೆ ಕೊಟ್ಟಿದ್ದಾನೆ! ಇದನ್ನೂ ಹರಿದು ಹಾಕಿಸು!"

ಡೋರೀನ್ ನೋಟಿಸನ್ನು ಎರಡು ಸಲ ಓದಿದಳು. "ಆಗಲ್ಲ ಕಣೋ."

"ಯಾಕೆ?"

"ಕಾರ್ಮಿಕರ ವಾಡಿಕೆಯ ಹಕ್ಕಿಗೆ ಧಕ್ಕೆ ಬಂದಿದೆ ಅಂತ ಹನ್ನೆರಡು ಜನ ದೂರು ಕೊಟ್ಟಿದ್ದಾರೆ. ಯೂನಿಯನ್ ಅಂದ್ಮೇಲೆ ಹನ್ನೆರಡು ಜನರ ಪರ ನಿಲ್ಬೇಕೋ, ಒಬ್ಬನ ಪರ ನಿಲ್ಬೇಕೋ? ನೀನೇ ಹೇಳು."

"ಆ ದೂರು ಬರೆದುಕೊಟ್ಟ ಪುಣ್ಯಾತ್ಮ ಯಾರು?"

"ನಾನೇ," ಎಂದಳು ಡೋರೀನ್, ತನ್ನ ಖಾಲಿ ಲೋಟವನ್ನು ಅವನ ಕಡೆ ತಳ್ಳುತ್ತಾ. "ಹಾಲು ಸ್ವಲ್ಪ ಜಾಸ್ತಿ ಹಾಕು."